ಚೀಟಿಯೊಳಗಿನ 'ಆಗ್ಲಿ'

ನಮ್ಮಪ್ಪ ಸರಕಾರಿ ದವಾಖಾನಿಯೊಳಗ ಕಂಪೌಂಡರ್ ಇದ್ರು. ಸಾಲಿ ಸೂಟಿ ಇದ್ದಾಗ ಬುತ್ತಿ ಒಯ್ಯೋದು ನನ್ನ ಕೆಲಸ. ಅವರು ಉಣ್ಣೂತನಕ ನಾನು ಡಾಕ್ಟರ ಚೀಟಿ ಓದಕೋತ ಕೂಡತಿದ್ದೆ. ಔಷಧದ ಹೆಸರಿನ ಕೆಳಗ 'ಎಫ್‌ಟಿ ಮಿಸ್ಟ್', 'ರೆಪ್', 'ಸಿಗ್' ಅಂತ ಗೀಚಿರತಿತ್ತು. ಏನಪ್ಪಾ ಅಂದ್ರ, "ಮಿಕ್ಶ್ಚರ್ ಮಾಡು, ಮತ್ತೊಮ್ಮೆ ಕೊಡು, ಚೀಟಿ ಹಚ್ಚು" ಅಂತಿದ್ರು. ಬಾಟ್ಲಿಗೆ ಕತ್ತರಿಸಿದ ಕಾಗದದ ಪಟ್ಟಿ ಹಚ್ಚೋದು ನನಗ ಭಾಳ ಸೇರತಿತ್ತು. ಒಂದು ಹಲ್ಲು ಅಂದ್ರ ಒಂದು ಡೋಸು.

ಮಗಳು ಫಾರ್ಮಸಿಗೆ ಸೇರಿದ ಮ್ಯಾಲ ಆಕಿ ಪುಸ್ತಕದಾಗ ಅವ ಅಕ್ಷರ ಕಂಡ್ವು. ಎಲ್ಲಾ ಲ್ಯಾಟಿನ್ ಅಂತ. ಕುಕ್ಕರ್ ಸೀಟಿ ಹೊಡಿಯೂದರಾಗ ಇಬ್ರೂ ಕೂಡಿ ಮೊಬೈಲ್ ನೋಡಿ ಒಂದಿಷ್ಟು ವ್ಯಾಕರಣ ತಿಳಕೊಂಡ್ವಿ. 'ಸಿಗ್ನಾತುರ್' ಅಂದ್ರ ಗುರ್ತು ಹಚ್ಚಲಾಗ್ತದ. 'ಆ' ತಗದು 'ಏ' ಇಟ್ರ 'ಸಿಗ್ನೇತುರ್', ಗುರ್ತು ಹಚ್ಚೋದಾಗ್ಲಿ. ಎಲ್ಲಾ ಕ್ರಿಯಾಪದ ಹಿಂಗ ತಿರುಗೂದಿಲ್ಲ ಮತ್ತ. 'ರೆಪೆತಿತುರ್' ಅನ್ನೋದು 'ರೆಪೆತಾತುರ್' ಆಗ್ತದ, ಇಲ್ಲಿ 'ಇ' ಹೋಗಿ 'ಆ' ಬರ್ತದ. 'ಮಿಸ್ಕೇತುರ್' ಇದ್ದದ್ದು 'ಮಿಸ್ಕೆಯಾತುರ್', ಕೂಡಿಸೋದಾಗ್ಲಿ. ಕೊನಿಗೆ 'ತುರ್' ಇದ್ರ ಒಂದು, 'ನ್ತುರ್' ಇದ್ರ ಭಾಳ: ಒಂದಕ್ಕ 'ದೇತುರ್', ಭಾಳಕ್ಕ 'ದೆಂತುರ್', ಕೊಡಲ್ಪಡಲಿ. ಈ 'ಎಫ್‌ಟಿ' ಮಾತ್ರ ಹಟಮಾರಿ. ಅದು 'ಫಿಯಾತ್', ಕೊನಿಗೆ 'ತುರ್' ಇಲ್ಲ, ಆದ್ರೂ ಅರ್ಥ 'ಮಾಡಲ್ಪಡಲಿ'.

'ಕೊಡಲ್ಪಡಲಿ' ಅಂತ ನಮ್ಮ ಮನ್ಯಾಗ ಯಾರರ ಅಂತಾರ? ನಮ್ಮ ಬಾಯಾಗ 'ಆಗ್ಲಿ' ಅದ. ಮಾಡಾಂವ ಯಾರು ಅಂತ ಎರಡರಾಗೂ ಇರಂಗಿಲ್ಲ.

ಒಮ್ಮೆ ಸಣ್ಣ ಕೂಸಿನ ಚೀಟಿಯೊಳಗ ದೊಡ್ಡವರ ಪ್ರಮಾಣ ಬರದು ಬಂದಿತ್ತು. ಅಪ್ಪ ಮಿಕ್ಶ್ಚರ್ ಕೂಡಿಸಲಿಲ್ಲ. ಚೀಟಿ ಹಿಡಕೊಂಡು ಡಾಕ್ಟರ ಬಾಗಲಾಗ ನಿಂತ್ರು. "ಬರದಂಗ ಮಾಡ್ರಿ" ಅಂತ ಒದರಿದ್ದು ನನಗ ಹೊರಗ ಕೇಳಿಸ್ತು. ತಿದ್ದಿ ಕೊಡೂತನಕ ಅಪ್ಪ ಅಲ್ಲಿಂದ ಕದಲಲಿಲ್ಲ. ಅವತ್ತು ಉಣ್ಣಲೂ ಇಲ್ಲ, ಬುತ್ತಿ ಹಂಗ ವಾಪಸ್ ಒಯ್ದೆ.

ಪಿಯುಸಿ ಮುಗದ ವರ್ಷ ನನ್ನ ಕೊಟ್ರು. ಬಿ.ಎ. ಫಾರ್ಮ್ ತಂದು ಟ್ರಂಕಿನ ಮ್ಯಾಲ ಇಟ್ಟಿದ್ದೆ, ಅದು ಅಲ್ಲೇ ಉಳೀತು. ಯಾರು ಕೊಟ್ರು ಅಂದ್ರ ಒಬ್ಬರ ಹೆಸರು ಹೇಳಾಕ ಬರಂಗಿಲ್ಲ. ಕಾಕಾ ವರ ತಂದ, ಅಜ್ಜಿ ಹೂಂ ಅಂದ್ಲು, ಹಿರ್ಯಾರು ಕೂಡಿದ್ರು. ಅಪ್ಪ ಅಂದಿದ್ದು ಒಂದ ಮಾತು: "ಆಗ್ಲಿ." ಡಾಕ್ಟರ ಬಾಗಲಾಗ ನಿಂತ ಮನಷಾ ನಮ್ಮ ಪಡಸಾಲ್ಯಾಗ ಯಾಕ ನಿಲ್ಲಲಿಲ್ಲ ಅಂತ ನಾ ಭಾಳ ವರ್ಷ ಮನಸಿನ್ಯಾಗ ಇಟಗೊಂಡೀನಿ. ಸಂಸಾರ ಛಲೋನ ಆತು, ಅದು ಬ್ಯಾರೆ ಮಾತು.

ಮೊನ್ನೆ ಅಪ್ಪಗ ಫೋನ್ ಹಚ್ಚಿದೆ. ಕಿವಿ ಮಂದ ಆಗ್ಯಾವ, ಒದರಿ ಮಾತಾಡಬೇಕು.

"ಅಪ್ಪಾ, ಎಫ್‌ಟಿ ಅಂದ್ರ ಮಾಡು ಅಂತಲ್ಲಂತ. ಆಗ್ಲಿ ಅಂತ ಅರ್ಥ. ಯಾರು ಮಾಡಬೇಕಂತ ಅದರಾಗ ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೇಳಿಸಲಿಲ್ಲೇನೋ ಅನಕೊಂಡೆ.

"ಇಲ್ದಿದ್ರೇನಾತು ಯವ್ವಾ," ಅಂದ್ರು, "ಮಾಡಾಂವ ನಾನ ಇದ್ದೆ."

ಮದುವಿ ಮಾತು ಬಾಯಿತನಕ ಬಂದಿತ್ತು. ಬಿಪಿ ಗುಳಗಿ ತಗೊಂಡ್ರೇನು ಅಂತ ಕೇಳಿ ಫೋನ್ ಇಟ್ಟೆ.