ಲೆಫ್ಟ್ ಇನ್

ಹಲಸೂರಿನ ಗೌತಮಪುರದಲ್ಲಿ ಮಗು ನಡೆಯಲು ಕಲಿತ ದಿನವೇ ಚೆಂಡು ಒದೆಯುತ್ತದೆ ಎಂದರೆ ಅತಿಶಯೋಕ್ತಿಯಾದೀತು; ಮಾರನೆಯ ದಿನ ಎನ್ನೋಣ. ಪೆಲೆಗೂ ಒಂದು ವಿಗ್ರಹ ನಿಲ್ಲಿಸಿರುವ ಬಡಾವಣೆ ಅದು. ಎರಡು ಬೀದಿ ಆಚೆ ಬೆಳೆದ ನಾನೂ ಆಡಿದೆ. ನನ್ನ ಜಾಗ ಲೆಫ್ಟ್ ಇನ್. ಚೆಂಡು ಕಾಲಿಗೆ ಬಂದರೆ ಒಬ್ಬಿಬ್ಬರನ್ನು ಏಮಾರಿಸಿ ಪಕ್ಕದವನಿಗೆ ದಾಟಿಸುವುದೇ ನನ್ನ ಕಸುಬು.

1974ರಲ್ಲಿ ಈ ಆಟವನ್ನು ಮೆಚ್ಚಿಯೇ ಒಂದು ಕಾರ್ಖಾನೆಯವರು ನನ್ನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಆರು ತಿಂಗಳು ತಾತ್ಕಾಲಿಕ. ಚೆನ್ನಾಗಿ ಆಡಿದರೆ ಕೆಲಸ ಕಾಯಂ. ಅಲ್ಲಿನ ಕೋಚ್ ಸಾಹೇಬರ ಪದ್ಧತಿಯೇ ಬೇರೆ. ಹಿಂದಿನವರು ಚೆಂಡನ್ನು ಎತ್ತಿ ಹೊಡೆಯಬೇಕು, ಮುಂದಿರುವ ಎತ್ತರದ ಆಳು ತಲೆ ಕೊಡಬೇಕು, ಉಳಿದವರು ಓಡಬೇಕು. ಐದಡಿ ನಾಲ್ಕಂಗುಲದ ನಾನು ನಡುವೆ ನಿಂತು ಆಕಾಶ ನೋಡುತ್ತಿದ್ದೆ. ನಮ್ಮ ಕಡೆಯವರಿಗೆ ತಲೆಯ ಮೇಲೆ ವಿಮಾನ ಹಾರುವುದು ಹೊಸದಲ್ಲ. ಚೆಂಡು ಹಾರುವುದು ಹೊಸದು. ಆರು ತಿಂಗಳಲ್ಲಿ ಹೊಡೆದದ್ದು ಒಂದೇ ಗೋಲು. ಕೆಲಸ ಹೋಯಿತು.

ನಮ್ಮ ತಂದೆಯವರಿಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಅವರು ಬೈಯಲಿಲ್ಲ, ಅಹಮದ್ ಖಾನರ ಕಥೆ ಹೇಳಿದರು. ಖಾನರೂ ಬೆಂಗಳೂರಿನವರು, ಅವರದೂ ಲೆಫ್ಟ್ ಇನ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿಬಂದು, ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅವರು – ಈ ಐವರನ್ನು ಜನ ಪಂಚಪಾಂಡವರೆಂದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಆ ತಂಡದ್ದೇ. "ಅವರು ಸಾವಿರ ಮೈಲಿ ಹೋಗಿ ಮಿಂಚಿದರು, ನೀನು ನಾಲ್ಕು ಮೈಲಿ ಹೋಗಿ ಮಂಕಾದೆಯಲ್ಲಪ್ಪಾ!" ಎಂದರು. ಖಾನರ ಪಕ್ಕದಲ್ಲಿ ಇನ್ನು ನಾಲ್ವರು ಪಾಂಡವರಿದ್ದರೆಂಬ ಉತ್ತರ ನನಗೆ ಆಗ ಹೊಳೆಯಲಿಲ್ಲ. ಕಾಲಿನ ಸತ್ವವೇ ಮುಗಿಯಿತೆಂದುಕೊಂಡು ಬ್ಯಾಂಕಿನ ಗುಮಾಸ್ತೆಯಾದೆ.

ಆಮೇಲೆ ನಲವತ್ತು ವರ್ಷ ಮೈದಾನದ ಕಡೆ ತಲೆ ಹಾಕಿದವನಲ್ಲ. 2013ರಲ್ಲಿ ಹಳೆಯ ಗೆಳೆಯನೊಬ್ಬ ಬಲವಂತದಿಂದ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಎಳೆದೊಯ್ದ. ಆಗತಾನೆ ಹುಟ್ಟಿದ ಬೆಂಗಳೂರು ಎಫ್‌ಸಿ. ಕೋಚು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಪೋರ್ಚುಗಲ್ಲಿನಲ್ಲಿ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳಷ್ಟೇ ದೊರೆತಿದ್ದ ಸುನಿಲ್ ಛೆತ್ರಿ ಹೊಸದಾಗಿ ಬಂದಿದ್ದರು. ಗೋಲು ಹೊಡೆಯುವ ಮನುಷ್ಯನನ್ನು ಎಡ ಅಂಚಿಗೆ ನಿಲ್ಲಿಸಿದ್ದು ಕಂಡು, "ಇವನ ಗತಿಯೂ ನನ್ನದೇ" ಎಂದೆ.

ಆದರೆ ನೋಡುತ್ತಾ ಹೋದಂತೆ ವಿಷಯ ಬೇರೆಯಾಯಿತು. ಮಧ್ಯದ ದೃಢಕಾಯದ ಆಳು ಎದುರಾಳಿಗಳನ್ನು ತನ್ನತ್ತ ಸೆಳೆದುಕೊಂಡರೆ, ತೆರವಾದ ಜಾಗಕ್ಕೆ ಛೆತ್ರಿ ಅಂಚಿನಿಂದ ಒಳನುಗ್ಗುತ್ತಿದ್ದರು. ನನ್ನನ್ನು ನಿರುದ್ಯೋಗಿಯಾಗಿಸಿದ ಅದೇ ಎತ್ತರದ ಆಳು ಇಲ್ಲಿ ಬಾಗಿಲು ತೆಗೆಯುತ್ತಿದ್ದ! ಆ ಸಾಲಿನ ಐ-ಲೀಗಿನಲ್ಲಿ ಛೆತ್ರಿಯವರದು 14 ಗೋಲು. ಮೊದಲ ವರ್ಷವೇ ಪ್ರಶಸ್ತಿ ಬೆಂಗಳೂರಿಗೆ ಬಂತು.

"ನೋಡಿದೆಯಾ, ನಿನ್ನ ಕೋಚ್ ನಿನ್ನನ್ನು ಹೀಗೆ ಆಡಿಸಬೇಕಿತ್ತು" ಎಂದ ಗೆಳೆಯ, ಹೊರಗೆ ಬರುತ್ತಾ. ಹೌದೆನ್ನಲು ಬಾಯಿ ತೆರೆದೆ. ಆದರೆ ಚೆಂಡು ಕಳೆದುಕೊಂಡಾಗಲೆಲ್ಲ ಛೆತ್ರಿ ನಮ್ಮ ಗೋಲಿನವರೆಗೂ ಹಿಂದಕ್ಕೆ ಓಡಿದ್ದನ್ನು ಕಂಡಿದ್ದೆನಲ್ಲ! ಉಳಿದವರು ಓಡಬೇಕೆಂದು ನಮ್ಮ ಸಾಹೇಬರೂ ಹೇಳಿದ್ದರು. ನಾನು ಆಕಾಶ ನೋಡುತ್ತಿದ್ದೆ.

ಇದನ್ನೆಲ್ಲ ತಂದೆಯವರೊಡನೆ ಕೂತು ವಾದ ಮಾಡಬೇಕೆನಿಸಿತು. ಅವರು ತೀರಿಕೊಂಡು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಗೆಳೆಯನೊಡನೆ ಹಲಸೂರಿನ ಬಸ್ಸು ಹತ್ತಿದೆ.