ಇಸವಿ ಅಳಿದ ನಿಕಲ್

ಕೂಡಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಯಾರಿಗೂ ಇರಲಿಲ್ಲ. ಅವ್ವಂದಿರ ಸೆರಗಿನ ಗಂಟಿಗೆ ಬಿದ್ದ ಕೂಲಿಕಾಸು ಸಂತೆ ದಿನ ಬಿಚ್ಚಿಕೊಳ್ಳುತ್ತಿತ್ತು, ಅಷ್ಟೇ. ಅಂಥ ನಾವು ಮೂವರು ಅಮೆರಿಕಕ್ಕೆ ದುಡಿಯಲು ಹೋಗಿ, ಒಂದೇ ರೂಮಿನಲ್ಲಿದ್ದುಕೊಂಡು, ಹಳೇ ನಾಣ್ಯ ಆರಿಸುವ ಹುಚ್ಚಿಗೆ ಬಿದ್ದೆವು. ನಗಬೇಡಿ.

ಅಲ್ಲಿಯ 5 ಸೆಂಟಿನ ಬಿಲ್ಲೆಗೆ ನಿಕಲ್ ಅಂತ ಹೆಸರು. ಹೆಸರು ನಿಕಲ್, ಒಳಗೆ ಮುಕ್ಕಾಲು ಪಾಲು ತಾಮ್ರ! ಬ್ಯಾಂಕಿನಲ್ಲಿ 2 ಡಾಲರ್ ಕೊಟ್ಟರೆ 40 ನಿಕಲ್‌ಗಳ ಸುರುಳಿ ಸಿಗುತ್ತದೆ. ರಾತ್ರಿ ಉಂಡ ತಟ್ಟೆ ಸರಿಸಿ, ಸುರುಳಿ ಒಡೆದು, ಒಂದೊಂದನ್ನೇ ದೀಪಕ್ಕೆ ಹಿಡಿಯುತ್ತಿದ್ದೆವು. ಹಳೆಯದು ಸಿಗದಿದ್ದರೆ ಮತ್ತೆ ಬ್ಯಾಂಕಿಗೆ.

ಈ ಲೋಕದ ಬೆಲೆಗಳೇ ವಿಚಿತ್ರ. ಸ್ವಾತಂತ್ರ್ಯದೇವಿಯ ತಲೆಯಿರುವ 1913ರ ನಿಕಲ್ ಜಗತ್ತಿನಲ್ಲಿ ಐದೇ ಇವೆ. ಅವನ್ನು ಅಚ್ಚು ಹಾಕಿದ ಲೆಕ್ಕ ಟಂಕಸಾಲೆಯ ಕಡತದಲ್ಲೇ ಇಲ್ಲ. ಅಂಥ ಲೆಕ್ಕಕ್ಕೆ ಸಿಗದ ಒಂದು ಬಿಲ್ಲೆ 2018ರಲ್ಲಿ 45 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು. 1937ರಲ್ಲಿ ಡೆನ್ವರಿನ ಟಂಕಸಾಲೆಯಲ್ಲಿ ಅಚ್ಚು ಉಜ್ಜುವಾಗ ಕಾಡುಕೋಣದ ಒಂದು ಕಾಲೇ ಅಳಿಸಿಹೋಯಿತು. ನಾಲ್ಕು ಕಾಲಿನದಕ್ಕಿಂತ ಮೂರು ಕಾಲಿನದಕ್ಕೇ ಬೆಲೆ ಜಾಸ್ತಿ. ದೊಡ್ಡವರ ಮನೆಯ ತಪ್ಪಿಗೂ ಬೆಲೆ ಬರುತ್ತದೆ ನೋಡಿ.

ಒಂದು ರಾತ್ರಿ ನಮಗೂ ಒಂದು ಸಿಕ್ಕಿತು. ಒಂದು ಕಡೆ ಕಾಡುಕೋಣ, ಇನ್ನೊಂದು ಕಡೆ ಜಡೆ ಹಾಕಿ ಗರಿ ಸಿಕ್ಕಿಸಿದ ಮೂಲನಿವಾಸಿಯ ಮುಖ. 1913ರಿಂದ 1938ರವರೆಗೆ ಬಂದ ನಾಣ್ಯ. ಕೋಣದ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋದ ‘ಎಸ್’ ಗುರುತು ಕಾಣುತ್ತಿತ್ತು. ಮುಖದ ಕೆಳಗೆ ಇಸವಿ ಇರಬೇಕಾದ ಜಾಗ ಮಾತ್ರ ಬರೀ ನುಣುಪು.

ಇಸವಿಯನ್ನು ಉಬ್ಬಿದ ಜಾಗದಲ್ಲೇ ಕೆತ್ತಿದ್ದರು. ಕೈಯಿಂದ ಕೈಗೆ ಹೋಗುತ್ತ ಅದು ಸವೆಯಿತು. ‘5 ಸೆಂಟ್’ ಎಂಬ ಅಕ್ಷರಗಳೂ ಹಾಗೇ ಸವೆಯುತ್ತವೆ ಅಂತ ಗೊತ್ತಾದ ಕೂಡಲೇ, 1913ರಲ್ಲೇ ಅಚ್ಚು ತಿದ್ದಿ ಅವನ್ನು ತಗ್ಗಿಗಿಳಿಸಿ ಕಾಪಾಡಿದರು. ಬೆಲೆಯನ್ನು ಉಳಿಸಿಕೊಂಡರು, ಕಾಲವನ್ನು ಸವೆಯಲು ಬಿಟ್ಟರು.

“ಆಸಿಡ್ ಹಾಕೇ ಬಿಡೋಣ ಕಣ್ರೋ. 1926 ಇದ್ರೆ?” ಅಂದ ಒಬ್ಬ. ಆ ವರ್ಷ ‘ಎಸ್’ ಗುರುತಿನವು ಬರೀ 9 ಲಕ್ಷ 70 ಸಾವಿರ. ಈ ಕಾಡುಕೋಣದ ನಿಕಲ್‌ಗಳಲ್ಲೇ ಅತಿ ಕಡಿಮೆ. ಒಂದು ತೊಟ್ಟು ಆಸಿಡ್ ಬಿಟ್ಟರೆ ಅಳಿದ ಇಸವಿ ಮಸುಕಾಗಿ ಮೇಲೇಳುತ್ತದೆ. ಕಲೆ ಮಾತ್ರ ಶಾಶ್ವತ.

“ಇಸವಿ ಆಮೇಲೆ. ಇದು ಯಾರ ಮುಖ?” ಅಂದ ಇನ್ನೊಬ್ಬ. ನಮಗೆ ಉತ್ತರ ಬರಲಿಲ್ಲ. ಹುಡುಕಿ ಓದಿದೆವು.

ಆ ಮುಖ ಒಬ್ಬರದಲ್ಲ, ಹಲವರನ್ನು ಬೆರೆಸಿದ್ದು ಎಂದು ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಜರ್ ಹೇಳಿದ್ದ. ಅವನು ಹೆಸರಿಸಿದವರಲ್ಲಿ ಲಕೋಟ ಜನರ ಐರನ್ ಟೇಲ್ ಒಬ್ಬರು, ಷೈಯೆನ್ ಜನರ ಟೂ ಮೂನ್ಸ್ ಇನ್ನೊಬ್ಬರು. ಟೂ ಮೂನ್ಸ್ 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಅಮೆರಿಕದ ಸೈನ್ಯದ ಎದುರು ನಿಂತು ಕಾದವರು. ಕೋಟಿಗಟ್ಟಲೆ ಇದ್ದ ಕಾಡುಕೋಣಗಳನ್ನು ಕೊಂದು ಅವರ ಅನ್ನ ಕಿತ್ತರು. 1887ರ ಡಾಸ್ ಕಾಯ್ದೆ ಬಂದಾಗ ಮೂಲನಿವಾಸಿಗಳ ಕೈಯಲ್ಲಿದ್ದ ನೆಲ ಸುಮಾರು 13 ಕೋಟಿ 80 ಲಕ್ಷ ಎಕರೆ. 1934ಕ್ಕೆ ಉಳಿದದ್ದು ಸುಮಾರು 4 ಕೋಟಿ 80 ಲಕ್ಷ. ಮುಖ ನಾಣ್ಯಕ್ಕೆ ಬಂದದ್ದು 1913ರಲ್ಲಿ. ಮೂಲನಿವಾಸಿಗಳಿಗೆಲ್ಲ ಪೌರತ್ವ ಸಿಕ್ಕಿದ್ದು 1924ರಲ್ಲಿ. ಅಷ್ಟರಲ್ಲಿ ಐರನ್ ಟೇಲ್ ಇರಲಿಲ್ಲ, ಟೂ ಮೂನ್ಸೂ ಇರಲಿಲ್ಲ.

ನೆಲ ಕಿತ್ತುಕೊಂಡವರು ಮುಖವನ್ನು ಚಲಾವಣೆಗೆ ಬಿಟ್ಟರು. ಇದಕ್ಕೆ ಗೌರವ ಅನ್ನಬೇಕೋ, ಬೇಟೆಯಾಡಿದವನು ಗೋಡೆಗೆ ತೂಗುಹಾಕಿದ ತಲೆ ಅನ್ನಬೇಕೋ, ನೀವೇ ಹೇಳಿ.

ನಮ್ಮನ್ನು ಸಾಧುಗಳು ಅಂತ ತಿಳಿಯಬೇಡಿ. 1926ರ ಆಸೆ ನಮಗೂ ಇತ್ತು. ಊರಿಗೆ ದುಡ್ಡು ಕಳಿಸಬೇಕಾದವರು ನಾವು. ಆದರೂ ಆಸಿಡ್ ಹಾಕಲಿಲ್ಲ. ಅಂಗಡಿಯವನಿಗೆ ತೋರಿಸಿದಾಗ, “ಇಸವಿ ಇಲ್ಲವಲ್ಲ, ಏನೂ ಬರಲ್ಲ” ಅಂತ ಮುಖ ನೋಡದೆಯೇ ವಾಪಸು ತಳ್ಳಿದ.

ಆ ನಿಕಲ್ ಈಗಲೂ ನಮ್ಮ ಹತ್ತಿರ ಇದೆ. ಸುರುಳಿ ಒಡೆಯುವ ಹುಚ್ಚೂ ಬಿಟ್ಟಿಲ್ಲ. ಆದರೆ ಕೈಗೆ ಹಳೆಯದೊಂದು ಬಂದರೆ ಈಗ ಮೊದಲು ಮುಖ ನೋಡುತ್ತೇವೆ, ಇಸವಿ ಆಮೇಲೆ.