ಪುಟಿಯದ ಹುಲ್ಲು

ಬೆಳಿಗ್ಗೆ ಕಾಫಿ ಹೊಟ್ಟೆಗಿಳಿಯುವ ಮೊದಲೇ ತಂಗಿಯ ಮಗನಿಂದ ಬುದ್ಧಿಮಾತು ಕೇಳಬೇಕಾಯಿತು: "ಮಾವ, ಚಪ್ಲಿ ಹಾಯ್ಕಂಡ್ ಹುಲ್ಲಿನ್ ಮೇಲ್ ಬರ್ಬೇಡಿ." ತೆಕ್ಕಟ್ಟೆಯ ಅವರ ಮನೆಯಂಗಳದಲ್ಲಿ ಈಗ ಲಾನ್ ಇದೆ. ಬೆಂಗಳೂರಿನಿಂದ ರಜೆಗೆ ಬಂದ ಮಾಣಿ ಅದರ ಮೇಲೆ ಬಲೆ ಕಟ್ಟಿ ಪಿಕಲ್‌ಬಾಲ್ ಆಡಲು ಹೊರಟಿದ್ದ. ತೂತುತೂತಿನ ಪ್ಲಾಸ್ಟಿಕ್ ಚೆಂಡು ಬಲೆ ದಾಟಿ ಆಚೆ ಬಿತ್ತು. ಬಿದ್ದಲ್ಲೇ ಕೂತಿತು. ಊಟ ಮುಗಿಸಿದ ನೆಂಟರ ಹಾಗೆ, ಏಳುವ ಲಕ್ಷಣವೇ ಇಲ್ಲ.

ಈ ಆಟದಲ್ಲಿ ಸರ್ವ್ ಆದ ಚೆಂಡು ಒಮ್ಮೆ ಪುಟಿಯಬೇಕು, ಆಚೆಯಿಂದ ವಾಪಸು ಬಂದದ್ದೂ ಒಮ್ಮೆ ಪುಟಿಯಬೇಕು. 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಗೆಳೆಯರು ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ ಇದನ್ನು ಶುರುಮಾಡಿದರು. ಡಾಂಬರಿನ ಮೇಲೆ ಚೆಂಡು ಚೆನ್ನಾಗಿ ಪುಟಿಯುವುದನ್ನು ಕಂಡು ಐದಡಿಯ ಬಲೆಯನ್ನು ಮೂರಡಿಗೆ ಇಳಿಸಿದರು. 44 ಅಡಿಗೆ 20 ಅಡಿಯ ಅಳತೆ ಮಾತ್ರ ಇವತ್ತಿಗೂ ಬ್ಯಾಡ್ಮಿಂಟನ್ನಿನದೇ. ನಮ್ಮ ಹುಡುಗರು ಕೊಯ್ಲಾದ ಗದ್ದೆಯಲ್ಲಿ ಲೈಟು ಕಟ್ಟಿ ಶಟಲ್, ವಾಲಿಬಾಲ್ ಆಡುತ್ತಾರಲ್ಲ, ಅದು ಜಾಣತನ. ಎರಡರಲ್ಲೂ ನೆಲಕ್ಕೆ ಬಿದ್ದದ್ದಕ್ಕೆ ಮತ್ತೆ ಕೆಲಸವಿಲ್ಲ. ಪುಟಿಯಲೇಬೇಕೆಂದಿದ್ದರೆ ಸೆಗಣಿ ಸಾರಿಸಿದ ಗಟ್ಟಿ ಅಂಗಳವಿತ್ತು, ಹಡಿಮಂಚಕ್ಕೆ ಭತ್ತ ಬಡಿದ ಅಂಗಳ.

ಅದಿರಲಿ. ನನ್ನ ತಕರಾರು ಆಟದ ಮೇಲಲ್ಲ, ಲಾನಿನ ಮೇಲೆ. ಮುಳಿಹುಲ್ಲಾದರೆ ಮಾಡಿಗೆ, ಬೈಹುಲ್ಲಾದರೆ ಹಟ್ಟಿಗೆ, ಗರಿಕೆಯಾದರೆ ಆನೆಗುಡ್ಡೆಯ ಗಣಪತಿಗೆ. ಈ ಹುಲ್ಲು ಯಾರಿಗೆ? ದುಡ್ಡು ಕೊಟ್ಟು ತಂದು ಹಾಸುವ ಮುಂಚೆ ಅಲ್ಲಿದ್ದ ಗರಿಕೆಯನ್ನು ಕಳೆಯೆಂದು ಕಿತ್ತೆಸೆದಿದ್ದಾರೆ. ಹೊರದೇಶದವರು ಬರ್ಮುಡಾ ಹುಲ್ಲೆಂದು ಗಾಲ್ಫ್, ಕ್ರಿಕೆಟ್ ಮೈದಾನಗಳಲ್ಲಿ ಮುತುವರ್ಜಿಯಿಂದ ಬೆಳೆಸುವುದು ಇದೇ ಗರಿಕೆಯನ್ನು! ತಗ್ಗಾಗಿ ಕತ್ತರಿಸಿ ರೋಲರ್ ಹೊಡೆದರೆ ಅದರ ಮೇಲೆ ಚೆಂಡೂ ಏಳುತ್ತದೆ. ವಿಂಬಲ್ಡನ್ನಿನಲ್ಲಿ ಹುಲ್ಲನ್ನು 8 ಮಿಲಿಮೀಟರಿಗೆ ನಿಲ್ಲಿಸುತ್ತಾರಂತೆ. ಆಷಾಢದ ಮಳೆಯಲ್ಲಿ ಬೈಂದೂರಿಗೋ ಬ್ರಹ್ಮಾವರಕ್ಕೋ ಬಂದು ನಿಲ್ಲಿಸಿ ತೋರಿಸಲಿ, ನೋಡುವ.

ಕಾರಂತರ 'ಮರಳಿ ಮಣ್ಣಿಗೆ'ಯ ಪಾರೋತಿ, ಸರಸೋತಿಯರು ಈ ಲಾನ್ ನೋಡಿದ್ದರೆ? ಕೋಡಿಯ ಮರಳುನೆಲದಲ್ಲಿ ಗೇಯ್ದು ಸೊಂಟ ಮುರಿದುಕೊಂಡ ಹೆಂಗಸರು. ನೀರು ಹೊಯ್ದು ಬೆಳೆಸಿದ್ದನ್ನು ಕತ್ತರಿಸಿ ಎಸೆಯುವುದು ಕಂಡು ಪಾರೋತಿ ಎಂತದೂ ಹೇಳುತ್ತಿರಲಿಲ್ಲ. ಎಸೆದದ್ದನ್ನು ಬುಟ್ಟಿಗೆ ತುಂಬಿ ಹಟ್ಟಿ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಹಟ್ಟಿಯಲ್ಲಿ ಈಗ ಕಾರು ನಿಲ್ಲುತ್ತದೆ.

ಬೈಹುಲ್ಲಿನ ಕತೆಯೂ ಅಷ್ಟೆ. ಕಟಾವು ಮಿಷನ್ ಬಂದ ಮೇಲೆ ಗದ್ದೆಯಲ್ಲೇ ಉಂಡೆ ಸುತ್ತಿಸಿಕೊಂಡು ಲಾರಿ ಹತ್ತುತ್ತದೆ. ಮನೆ ಹಿಂದೆ ಕುತ್ರಿ ಇಲ್ಲ. ಕುತ್ರಿ ಹತ್ತಿ ಧುಮುಕುವ ಆಟಕ್ಕೆ ಅಂಕಣವಾಗಲಿ, ಬಲೆಯಾಗಲಿ, ಅಂಪೈರಾಗಲಿ ಇರಲಿಲ್ಲ. ಸಂಜೆ ಯಾರು ಹೆಚ್ಚು ಮೈ ತುರಿಸಿಕೊಳ್ಳುತ್ತಾನೋ ಅವನೇ ಗೆದ್ದವನು.